ಹೇಳದೆ ಕೆಲಸ ಬಿಟ್ಟವರ ಲೆಕ್ಕ ಮುಗಿಸುವ ಬಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಮೇಲ್ವಿಚಾರಣೆ ಮಾಡಿದವರಿಗೆ ಈ ಬೆಳಗು ಗೊತ್ತಿರುತ್ತದೆ: ಮುಳಬಾಗಿಲು ಕಡೆಯ ಕಂಪನಿ ಬಸ್ಸು ಬಂದು ನಿಂತಿರುತ್ತದೆ, ಎಲ್ಲರೂ ಇಳಿದು ಒಳಗೆ ಹೋಗಿರುತ್ತಾರೆ, ಒಂದು ಯಂತ್ರದ ಮುಂದೆ ಮಾತ್ರ ಯಾರೂ ಇರುವುದಿಲ್ಲ. ಹತ್ತು ಗಂಟೆಯ ಹೊತ್ತಿಗೆ ಯಾರೋ ಒಬ್ಬರು ‘ಅವನು ಪಕ್ಕದ ಕಂಪನಿಗೆ ಸೇರಿದನಂತೆ’ ಎನ್ನುತ್ತಾರೆ. ಆ ‘ಅಂತೆ’ಯನ್ನು ನಂಬಿ ಅಂದೇ ಹಾಜರಾತಿಯಿಂದ ಹೆಸರು ಹೊಡೆದುಹಾಕುವುದು ವ್ಯವಸ್ಥಾಪಕರು ಮಾಡುವ ಮೊದಲ ತಪ್ಪು.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಮಾವಿನ ಕೊಯ್ಲಿನ ದಿನಗಳಲ್ಲಿ ಶ್ರೀನಿವಾಸಪುರದ ಕಡೆಯ ಹುಡುಗರು ಎರಡು ದಿನ ಕಾಣದಿರುವುದು ಹೊಸತೇನಲ್ಲವಾದರೂ, ನಾಲ್ಕನೆಯ ದಿನಕ್ಕೆ ನಾನು ಒಬ್ಬನ ಜಾಗಕ್ಕೆ ಬೇರೆಯವನನ್ನು ಹಾಕಿಬಿಟ್ಟೆ. ಐದನೆಯ ದಿನ ಅವನು ತಂದೆಯ ಆಸ್ಪತ್ರೆ ಚೀಟಿ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದ. ಆದ್ದರಿಂದ ಯಾರಾದರೂ ಬಾರದಿದ್ದರೆ ಮೊದಲು ಅವನ ಫೋನಿಗೆ, ಅದು ಸ್ವಿಚ್ ಆಫ್ ಆಗಿದ್ದರೆ ಅರ್ಜಿಯಲ್ಲಿ ಕೊಟ್ಟಿರುವ ಮನೆಯವರ ನಂಬರಿಗೆ ಕರೆ ಮಾಡಿ, ಕರೆ ಮಾಡಿದ ಸಮಯವನ್ನು ಬರೆದಿಡಬೇಕು. ‘ಸಾರ್, ನಾಳೆಯಿಂದ ಬರಲ್ಲ’ ಎಂಬ ವಾಟ್ಸಾಪ್ ಸಂದೇಶ ಬಂದಿದ್ದರೆ ಅದನ್ನು ಅಳಿಸದೆ ಇಟ್ಟುಕೊಂಡು, ರಾಜೀನಾಮೆ ಎಂದು ಸ್ವೀಕರಿಸಿರುವುದಾಗಿ ಬರವಣಿಗೆಯಲ್ಲಿ ಉತ್ತರಿಸಬೇಕು.

ಸುದ್ದಿಯೇ ಇಲ್ಲದಿದ್ದರೆ, ಗೈರುಹಾಜರಾದ ದಿನಾಂಕಗಳನ್ನು ಸ್ಪಷ್ಟವಾಗಿ ನಮೂದಿಸಿ, ಇಂಥ ದಿನದೊಳಗೆ ಕೆಲಸಕ್ಕೆ ಬರಬೇಕು ಇಲ್ಲವೇ ಕಾರಣ ತಿಳಿಸಬೇಕು ಎಂದು ಅವನಿಗೆ ಓದಲು ಬರುವ ಭಾಷೆಯಲ್ಲಿ ಬರೆದ ಪತ್ರವನ್ನು ದಾಖಲೆಯಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬೇಕು. ಉತ್ತರ ಬಾರದಿದ್ದರೆ ಇನ್ನೊಂದು ಪತ್ರ. ಇದು ಬರೀ ಕಾಗದದ ಶಾಸ್ತ್ರವಲ್ಲ. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಎಂಬ ಸ್ಥಾಯಿ ಆದೇಶವನ್ನು (ಕಾರ್ಖಾನೆಯ ಸೇವಾ ನಿಯಮವನ್ನು) ಹಿಡಿದು ವಿಚಾರಣೆಯಿಲ್ಲದೆ ಕಾರ್ಮಿಕನನ್ನು ತೆಗೆದದ್ದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಹೇಳಿದೆ.

ಈ ನಡುವೆ ಉತ್ಪಾದನೆಯ ಲೈನ್ ನಿಲ್ಲಬಾರದು. ಯಂತ್ರದ ಪಕ್ಕದ ಡ್ರಾಯರ್ ತೆರೆದು ನೋಡಿ. ಎಣ್ಣೆ ಮೆತ್ತಿದ ಪುಟ್ಟ ನೋಟ್‌ಪುಸ್ತಕದಲ್ಲಿ ಯಾವ ಬಿಡಿಭಾಗಕ್ಕೆ ಯಾವ ಸೆಟ್ಟಿಂಗ್ ಎಂದು ಅವನೇ ಬರೆದಿಟ್ಟಿರುವುದುಂಟು. ಪಾಸ್‌ವರ್ಡ್ ಬದಲಿಸಿ, ಗೇಟಿನವರಿಗೆ ಐಡಿ ಕಾರ್ಡಿನ ವಿಷಯ ತಿಳಿಸಿ. ಉಳಿದವರ ಮುಂದೆ ಅವನನ್ನು ಬಯ್ಯಲು ಮಾತ್ರ ಹೋಗಬೇಡಿ, ಅವರಲ್ಲಿ ಇಬ್ಬರಾದರೂ ಅವನ ಊರಿನವರೇ ಆಗಿರುತ್ತಾರೆ.

ಸಿಟ್ಟು ಹೊರಬರುವುದು ದುಡ್ಡಿನ ವಿಷಯದಲ್ಲಿ. ದುಡಿದ ದಿನಗಳ ಸಂಬಳವನ್ನು ತಡೆಹಿಡಿಯುವಂತಿಲ್ಲ. 2019ರ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಬಿಡುವ ಮುನ್ನ ತಿಳಿಸಬೇಕಾದ ನೋಟಿಸ್ ಅವಧಿಯ ಹಣ ಮುರಿದುಕೊಳ್ಳುವ ಷರತ್ತು ನೇಮಕಾತಿ ಪತ್ರದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಆ ಮಾತನ್ನೇ ಎತ್ತಬಾರದು, ಇದ್ದರೂ ಮುರಿದ ಮೊತ್ತವನ್ನು ಲೆಕ್ಕದ ಹಾಳೆಯಲ್ಲಿ ಬೇರೆಯಾಗಿ ತೋರಿಸಬೇಕು. ಸತತ 5 ವರ್ಷ ದುಡಿದ ಕಾಯಂ ನೌಕರನಿಗೆ ಗ್ರಾಚ್ಯುಟಿ (ಸೇವೆ ಮುಗಿದಾಗ ಕೊಡುವ ಇಡುಗಂಟು) ಸಲ್ಲುತ್ತದೆ, ಹೇಳದೆ ಹೋದ ಎಂಬ ಒಂದೇ ಕಾರಣಕ್ಕೆ ಅದು ತಪ್ಪುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರೆ ಕೂಡಲೇ ಹಿಂದಿರುಗಿಸಿ. ಅವನ್ನು ತೆಗೆದುಕೊಂಡದ್ದೇ ತಪ್ಪು.

ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಮೂದಿಸಲು ಮರೆಯುವವರೇ ಹೆಚ್ಚು. ಎರಡು ತಿಂಗಳ ನಂತರ ನೌಕರನೇ ಅದನ್ನು ತುಂಬಬಹುದಾದರೂ, ಅಲ್ಲಿಯವರೆಗೆ ಫೋನು ಬರುವುದು ನಿಮಗೇ. ಹೊಸ ಕಂಪನಿಯವರು ವಿಚಾರಿಸಿದರೆ ಹುದ್ದೆ ಮತ್ತು ಸೇರಿದ, ಬಿಟ್ಟ ದಿನಾಂಕಗಳನ್ನು ಹೇಳಿದರೆ ಸಾಕು.

ಲಾಕರನ್ನು ಇಬ್ಬರ ಎದುರಿನಲ್ಲಿ ತೆರೆದು ಪಟ್ಟಿ ಮಾಡಿ. ಸೇಫ್ಟಿ ಶೂ ಕಂಪನಿಯದು, ಊಟದ ಡಬ್ಬಿ ಅವನದು. ಡಬ್ಬಿಯನ್ನು ತೊಳೆಸಿ, ಅವನ ಊರಿನ ಹುಡುಗನಿಂದ ಸಹಿ ಪಡೆದು, ಸಂಜೆಯ ಬಸ್ಸಿನಲ್ಲಿ ಕಳುಹಿಸಿಕೊಡಿ.