ಮಿತಿಯೇ ಹಾಕದ ಕೋಟಾ ಕಂಪ್ಯೂಟರನ್ನು ಹ್ಯಾಂಗ್ ಮಾಡಿದ್ದು: ಬಿಟಿಆರ್‌ಎಫ್‌ಎಸ್ ಜೊತೆ ನನ್ನ ಅನುಭವ

ಕಂಪ್ಯೂಟರ್ ಹ್ಯಾಂಗ್ ಆಯಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಮೌಸ್ ಓಡಾಡುತ್ತಿದೆಯಾ ಎಂದು. ಮೌಸೂ ನಿಂತಿದ್ದರೆ ಹುಡುಕುವ ದಾರಿ ಒಂದು. ಮೌಸ್ ಆರಾಮಾಗಿ ಓಡಾಡುತ್ತಾ ಉಳಿದದ್ದೆಲ್ಲ ಕಲ್ಲಾಗಿದ್ದರೆ ದಾರಿ ಬೇರೆಯೇ. ನಾನಿಲ್ಲಿ ಬರೆಯುತ್ತಿರುವುದು ಎರಡನೇ ಬಗೆಯದು.

ಮೈಸೂರಿನಲ್ಲಿ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್‌ನಿಂದ ಅಕ್ಷರ ಗುರುತಿಸಿ, ಕರಡು ತಿದ್ದುವ ಪುಟ್ಟ ಘಟಕವೊಂದರ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ಓಪನ್‌ಸೂಸೆ ಲಿನಕ್ಸ್, ಡಿಸ್ಕಿನ ಮೇಲೆ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ. ಪ್ಯಾಕೇಜ್ ಹಾಕುವ ಮುಂಚೆ, ಹಾಕಿದ ಮೇಲೆ ಸ್ನ್ಯಾಪರ್ ಎಂಬ ತಂತ್ರಾಂಶ ಒಂದೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಕಡತಗಳ ಸ್ಥಿತಿ) ತೆಗೆದಿಡುತ್ತದೆ. ಅಪ್‌ಡೇಟ್ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಈ ಸೌಲಭ್ಯ ನಮ್ಮನ್ನು ಹಲವು ಸಲ ಕಾಪಾಡಿದೆ, ಅದನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ತೊಂದರೆ ಶುರುವಾದದ್ದು ಬೆಳಗಿನ ಹೊತ್ತು. ಕರಡು ತಿದ್ದುವವರು ಸೇವ್ ಒತ್ತುತ್ತಿದ್ದರು, ಕಿಟಕಿ ಬೂದುಬಣ್ಣಕ್ಕೆ ತಿರುಗಿ ನಿಂತುಬಿಡುತ್ತಿತ್ತು. ಎರಡು ಮೂರು ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು. ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. "ಸರ್, ಸೇವ್ ಆಯ್ತೋ ಇಲ್ವೋ ಗೊತ್ತಾಗ್ತಿಲ್ಲ, ಆಫ್ ಮಾಡಿ ಆನ್ ಮಾಡ್ಲಾ?" ಎಂಬ ಫೋನು ಬರುತ್ತಿತ್ತು. ಪುಟಗಟ್ಟಲೆ ತಿದ್ದಿದವರಿಗೆ ಅದು ಉಳಿದಿದೆಯೋ ಇಲ್ಲವೋ ಎನ್ನುವ ಆತಂಕ ಸಣ್ಣದಲ್ಲ.

ಸಾಮಾನ್ಯ ಅನುಮಾನಗಳನ್ನು ಬೇಗ ಬೇಗ ತಳ್ಳಿಹಾಕಿದೆ. ರ್‍ಯಾಮ್ ಅರ್ಧವೂ ತುಂಬಿರಲಿಲ್ಲ, ಸ್ವಾಪ್ ಮುಟ್ಟಿರಲಿಲ್ಲ. ಎಸ್‌ಎಸ್‌ಡಿಯ ಸ್ಮಾರ್ಟ್ ಎಂಬ ಆರೋಗ್ಯ ವರದಿಯಲ್ಲಿ ದೋಷವಿರಲಿಲ್ಲ. ಬಿಸಿಯೂ ಅಲ್ಲ, ಗ್ರಾಫಿಕ್ಸ್ ಡ್ರೈವರೂ ಅಲ್ಲ, ಏಕೆಂದರೆ ಮೌಸ್ ಓಡಾಡುತ್ತಿತ್ತು. ಡಿಸ್ಕಿನಲ್ಲಿ ಜಾಗ ಧಾರಾಳವಾಗಿತ್ತು.

ಸುಳಿವು ಸಿಕ್ಕಿದ್ದು ಗಡಿಯಾರದಿಂದ. ಯಾವ ಯಂತ್ರ ಎಷ್ಟು ಹೊತ್ತಿಗೆ ಆನ್ ಆಯಿತು, ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆದಿಡಲು ಎಲ್ಲರಿಗೂ ಹೇಳಿದ್ದೆ. ಆ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಆನ್ ಮಾಡಿದ ಸುಮಾರು 10 ನಿಮಿಷಕ್ಕೆ ಹ್ಯಾಂಗ್. ಒಂಬತ್ತಕ್ಕೆ ಬಂದವರಿಗೆ ಒಂಬತ್ತೂ ಹತ್ತಕ್ಕೆ, ಒಂಬತ್ತೂವರೆಗೆ ಬಂದವರಿಗೆ ಒಂಬತ್ತೂ ನಲವತ್ತಕ್ಕೆ. ಕೆಲಸದ ಭಾರಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದಾಯಿತು. ಹಾಗಾದರೆ ಬೂಟ್ ಆದ 10 ನಿಮಿಷಕ್ಕೆ ಏಳುವವರು ಯಾರು? ಲಿನಕ್ಸ್‌ನ ಸೇವೆಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಸಿಸ್ಟಮ್‌ಡಿಯ ಟೈಮರ್ ಪಟ್ಟಿ ತೆಗೆದರೆ ಉತ್ತರ ಅಲ್ಲೇ ಇತ್ತು. ಸ್ನ್ಯಾಪರ್‌ನ ಕ್ಲೀನಪ್ ಟೈಮರ್ ಬೂಟ್ ಆಗಿ 10 ನಿಮಿಷ ಕಳೆದ ಮೇಲೆ ಒಂದು ಸಲ, ಆಮೇಲೆ ದಿನಕ್ಕೊಮ್ಮೆ ಓಡುತ್ತದೆ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸುವುದು ಅದರ ಕೆಲಸ.

ಚೀಟಿಗಳಲ್ಲಿ ಈ ಲೆಕ್ಕಕ್ಕೆ ಹೊಂದದವೂ ಕೆಲವಿದ್ದವು. ಹ್ಯಾಂಗ್ ಆದಾಗ ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದವರಿಗೆ, ಮತ್ತೆ ಆನ್ ಮಾಡಿದ ಕೂಡಲೇ ಇನ್ನೊಮ್ಮೆ ಹ್ಯಾಂಗ್ ಆಗಿತ್ತು. ಇದರ ಕಾರಣ ಆಮೇಲೆ ತಿಳಿಯಿತು. ಸ್ನ್ಯಾಪ್‌ಶಾಟ್ ಅಳಿಸಲು ಆದೇಶ ಕೊಟ್ಟ ಕೂಡಲೇ ಹೆಸರು ಮಾತ್ರ ಮಾಯವಾಗುತ್ತದೆ. ಒಳಗಿನ ಸಾಮಾನು ತೆರವು ಮಾಡುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಬಾರಿ ಡಿಸ್ಕ್ ಮೌಂಟ್ ಆದ ಮೇಲೆ (ಬಳಕೆಗೆ ಜೋಡಣೆಯಾದ ಮೇಲೆ) ಲಿನಕ್ಸ್‌ನ ತಿರುಳಾದ ಕರ್ನಲ್ ಉಳಿದದ್ದನ್ನು ಮುಂದುವರಿಸುತ್ತದೆ. ಹಾಗಾಗಿ ಈ ತೊಂದರೆಯಲ್ಲಿ ಆಫ್ ಮಾಡಿ ಆನ್ ಮಾಡುವುದರಿಂದ ಏನೂ ಗಿಟ್ಟುವುದಿಲ್ಲ. ಸೇವ್ ಆಗದ ಕೆಲಸ ಹೋಗುತ್ತದೆ, ಕಾಯುವಿಕೆ ಹಾಗೆಯೇ ಉಳಿಯುತ್ತದೆ.

ಅನುಮಾನವನ್ನು ಖಚಿತ ಮಾಡಿಕೊಳ್ಳಲು ಒಂದು ಯಂತ್ರದ ಮುಂದೆ ಕೂತೆ. ಹ್ಯಾಂಗ್ ಆಗುವ ಮೊದಲೇ ಟರ್ಮಿನಲ್‌ನಲ್ಲಿ ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಟಾಪ್ ತೆರೆದಿಟ್ಟುಕೊಂಡೆ. ಇದು ಮುಖ್ಯ; ಹ್ಯಾಂಗ್ ಆದ ಮೇಲೆ ಹೊಸದೇನನ್ನಾದರೂ ತೆರೆಯುವುದು ಕಷ್ಟ, ಮೊದಲೇ ತೆರೆದ ಟಾಪ್ ಮಾತ್ರ ಓಡುತ್ತಲೇ ಇರುತ್ತದೆ, ಅದಕ್ಕೆ ಡಿಸ್ಕಿನ ಹಂಗಿಲ್ಲ. ಸಮಯ ಬಂತು, ಪಟ್ಟಿಯ ತುದಿಗೆ ಎರಡು ಹೆಸರು ಏರಿದವು: "ಬಿಟಿಆರ್‌ಎಫ್‌ಎಸ್-ಕ್ಲೀನರ್" ಮತ್ತು "ಬಿಟಿಆರ್‌ಎಫ್‌ಎಸ್-ಟ್ರಾನ್ಸಾಕ್ಟಿ". ಎರಡನೆಯದರ ಬಾಲ ತುಂಡಾಗಿರುವುದು ಲಿನಕ್ಸ್ ಕರ್ನಲ್ ಹೆಸರಿನಲ್ಲಿ 15 ಅಕ್ಷರ ಮಾತ್ರ ಇಟ್ಟುಕೊಳ್ಳುವುದರಿಂದ. ಒಂದು ಸಿಪಿಯು ಕೋರ್ ಪೂರ್ತಿ ಕೆಲಸದಲ್ಲಿ ಮುಳುಗಿತ್ತು, ಉಳಿದವು ಖಾಲಿ. ಡಿಸ್ಕಿನ ಓದು-ಬರಹ ತೋರಿಸುವ ಐಒಟಾಪ್ ನೋಡಿದರೆ ಡಿಸ್ಕಿಗೆ ಹೆಚ್ಚು ಕೆಲಸವೇ ಇಲ್ಲ. ಎಡಿಟರ್, ಬ್ರೌಸರ್ ಎಲ್ಲವೂ ಡಿ ಸ್ಥಿತಿಯಲ್ಲಿ, ಅಂದರೆ ಡಿಸ್ಕಿನ ಉತ್ತರಕ್ಕೆ ಕಾಯುತ್ತಾ ಮಲಗಿದ್ದವು. ಡಿಸ್ಕೇ ಸುಮ್ಮನಿರುವಾಗ ಇವು ಕಾಯುತ್ತಿರುವುದು ಯಾರಿಗೆ?

ಕರ್ನಲ್‌ನೊಂದಿಗೆ ನೇರವಾಗಿ ಮಾತಾಡುವ ಸಿಸ್‌ಆರ್‌ಕ್ಯೂ ಸೌಲಭ್ಯದ 'ಡಬ್ಲ್ಯು' ಆಜ್ಞೆ ಕೊಟ್ಟರೆ ತಡೆದು ನಿಂತ ಪ್ರತಿಯೊಂದು ಪ್ರೊಸೆಸ್‌ನ ಕರ್ನಲ್ ಸ್ಟ್ಯಾಕ್ (ಅದು ಕರ್ನಲ್‌ನ ಯಾವ ಫಂಕ್ಷನ್‌ನಲ್ಲಿ ನಿಂತಿದೆ ಎಂಬ ಪಟ್ಟಿ) ಲಾಗಿಗೆ ಬೀಳುತ್ತದೆ. ಎಡಿಟರ್ ನಿಂತದ್ದು "ವೇಟ್ ಕರೆಂಟ್ ಟ್ರಾನ್ಸ್" ಎಂಬಲ್ಲಿ: ಈಗಿನ ಟ್ರಾನ್ಸಾಕ್ಷನ್, ಅಂದರೆ ಡಿಸ್ಕಿಗೆ ಒಟ್ಟಾಗಿ ಬರೆಯುವ ಬದಲಾವಣೆಗಳ ಕಂತೆ, ಮುಗಿಯಲಿ ಎಂದು. ಇತ್ತ ಸಿಪಿಯು ಯಾವ ಫಂಕ್ಷನ್‌ನಲ್ಲಿ ಹೊತ್ತು ಕಳೆಯುತ್ತಿದೆ ಎಂದು ತೋರಿಸುವ ಪರ್ಫ್ ಉಪಕರಣದಲ್ಲಿ ನೋಡಿದರೆ ಸಿಪಿಯು ತಿನ್ನುತ್ತಿದ್ದದ್ದು "ಫೈಂಡ್ ಪೇರೆಂಟ್ ನೋಡ್ಸ್", ಮತ್ತು ಅದನ್ನು ಕರೆಯುತ್ತಿದ್ದದ್ದು ಕ್ಯೂಗ್ರೂಪ್ ಹೆಸರಿನ ಫಂಕ್ಷನ್‌ಗಳು. ಕ್ಯೂಗ್ರೂಪ್ ಅಂದರೆ ಬಿಟಿಆರ್‌ಎಫ್‌ಎಸ್‌ನ ಕೋಟಾ ಗುಂಪು.

ಕೋಟಾ ಎಂದ ಕೂಡಲೇ ನಮ್ಮ ತಲೆಗೆ ಬರುವುದು ಮಿತಿ. ಇಷ್ಟು ಜಿಬಿ ದಾಟಬಾರದು, ದಾಟಿದರೆ ದೋಷದ ಸಂದೇಶ. ನಮ್ಮಲ್ಲಿ ಯಾವ ಮಿತಿಯನ್ನೂ ಯಾರೂ ಹಾಕಿರಲಿಲ್ಲ. ಆದರೂ ಕೋಟಾ ಚಾಲೂ ಇತ್ತು, ಏಕೆಂದರೆ ಪ್ರತಿ ಸ್ನ್ಯಾಪ್‌ಶಾಟ್ ಎಷ್ಟು ಜಾಗ ಹಿಡಿದಿದೆ ಎಂದು ಸ್ನ್ಯಾಪರ್‌ಗೆ ಬೇಕಿತ್ತು. ಸ್ನ್ಯಾಪ್‌ಶಾಟ್‌ಗಳೆಲ್ಲ ಸೇರಿ ಡಿಸ್ಕಿನ ಅರ್ಧ ಮೀರದಂತೆ ನೋಡಿಕೊಳ್ಳುವ ಅದರ 'ಸ್ಪೇಸ್ ಲಿಮಿಟ್' ನಿಯಮ ನಿಂತಿರುವುದೇ ಈ ಲೆಕ್ಕದ ಮೇಲೆ. ಅಂದರೆ ನಮ್ಮ ಕಂಪ್ಯೂಟರುಗಳನ್ನು ಕಟ್ಟಿಹಾಕಿದ್ದು ಬರೀ ಎಣಿಕೆ.

ಎಣಿಕೆ ಇಷ್ಟು ದುಬಾರಿಯಾಗುವುದು ಯಾಕೆ? ಲಿನಕ್ಸ್‌ನ ಇನ್ನೊಂದು ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ನಲ್ಲಿ ಬಳಕೆದಾರರ ಹೆಸರಿನ ಮುಂದಿರುವ ಒಂದು ಅಂಕಿಯನ್ನು ಕೂಡಿಸಿ ಕಳೆದರೆ ಮುಗಿಯಿತು. ಬಿಟಿಆರ್‌ಎಫ್‌ಎಸ್‌ನಲ್ಲಿ ಒಂದೇ ತುಣುಕು ದತ್ತಾಂಶಕ್ಕೆ ಮೂಲವೂ ಹತ್ತಾರು ಸ್ನ್ಯಾಪ್‌ಶಾಟ್‌ಗಳೂ ಒಟ್ಟಿಗೆ ವಾರಸುದಾರರು. ಕೋಟಾ ಪ್ರತಿಯೊಂದಕ್ಕೂ ಎರಡು ಅಂಕಿ ಇಡುತ್ತದೆ: ಅದಕ್ಕೆ ಸಂಬಂಧಪಟ್ಟ ಒಟ್ಟು ಎಷ್ಟು, ಅದೊಂದಕ್ಕೇ ಸೇರಿದ್ದು ಎಷ್ಟು. ಒಟ್ಟು ಕುಟುಂಬದ ಜಮೀನಿನಲ್ಲಿ ಒಬ್ಬರು ಹಕ್ಕು ಬಿಟ್ಟರೆ, ಪ್ರತಿ ಸರ್ವೆ ನಂಬರಿಗೂ ವಂಶವೃಕ್ಷ ತೆಗೆದು ಇನ್ನು ಯಾರು ಯಾರು ಉಳಿದರು, ಒಬ್ಬರಿಗೇ ಪೂರ್ತಿ ಬಂತೇ ಎಂದು ನೋಡಿ ಪಹಣಿ ತಿದ್ದಬೇಕಲ್ಲ, ಅದೇ ಕಥೆ. ಸ್ನ್ಯಾಪ್‌ಶಾಟ್ ಅಳಿಸಿದಾಗ ಅದರಲ್ಲಿದ್ದ ಒಂದೊಂದು ತುಣುಕಿಗೂ ಕರ್ನಲ್ ಹಿಂದುಹಿಂದಕ್ಕೆ ಹೋಗಿ ಎಲ್ಲ ವಾರಸುದಾರರನ್ನು ಹುಡುಕುತ್ತದೆ. ಸ್ನ್ಯಾಪ್‌ಶಾಟ್ ಹೆಚ್ಚಿದಷ್ಟೂ ಹುಡುಕಾಟ ಹಿಗ್ಗುತ್ತದೆ. ಈ ಲೆಕ್ಕ ಟ್ರಾನ್ಸಾಕ್ಷನ್ ಕಮಿಟ್ ಆಗುವ (ಡಿಸ್ಕಿನಲ್ಲಿ ಖಾಯಂ ಆಗುವ) ಹೊತ್ತಿನಲ್ಲೇ ಮುಗಿಯಬೇಕು. ಅಲ್ಲಿಯವರೆಗೆ ಅದೇ ಡಿಸ್ಕಿಗೆ ಬರೆಯಲು ಬಂದವರೆಲ್ಲ ಬಾಗಿಲಲ್ಲಿ ನಿಲ್ಲುತ್ತಾರೆ.

ಇನ್ನೆರಡು ಗಂಟುಗಳೂ ಇಲ್ಲೇ ಬಿಚ್ಚಿಕೊಂಡವು. ನಮ್ಮ ಕರಡುಗಳಿದ್ದದ್ದು ಬಳಕೆದಾರರ ಕಡತಗಳಿರುವ ಹೋಮ್‌ನಲ್ಲಿ, ಅದರ ಸ್ನ್ಯಾಪ್‌ಶಾಟ್ ಯಾರೂ ತೆಗೆಯುತ್ತಿರಲಿಲ್ಲ, ಆದರೂ ಸೇವ್ ನಿಲ್ಲುತ್ತಿತ್ತು. ಹೋಮ್ ಬೇರೆ ಸಬ್‌ವಾಲ್ಯೂಮ್ (ಕಡತ ವ್ಯವಸ್ಥೆಯೊಳಗಿನ ಪ್ರತ್ಯೇಕ ವಿಭಾಗ) ಆದರೂ ಕಡತ ವ್ಯವಸ್ಥೆ ಒಂದೇ, ಟ್ರಾನ್ಸಾಕ್ಷನ್ ಒಂದೇ. ಇನ್ನೊಂದು, ಸ್ನ್ಯಾಪರ್‌ನ ಕ್ಲೀನಪ್ ಸೇವೆ ಅತಿ ಕಡಿಮೆ ಆದ್ಯತೆಯಲ್ಲಿ ಓಡುವಂತೆ ಬರೆದಿದೆ, ಆದರೂ ಭಾರ ತಟ್ಟುತ್ತಿತ್ತು. ಆ ವಿನಯವೆಲ್ಲ ಸ್ನ್ಯಾಪರ್‌ಗೆ ಮಾತ್ರ. ನಿಜವಾದ ತೆರವು ಮಾಡುವ ಕ್ಲೀನರ್ ಎಂಬ ಕರ್ನಲ್ ಎಳೆಗೆ (ಥ್ರೆಡ್) ಅದು ಅನ್ವಯಿಸುವುದಿಲ್ಲ.

ಕೋಟಾ ಆಫ್ ಮಾಡುವ ಮುಂಚೆ ಪುರಾವೆ ಬೇಕೆನಿಸಿತು. ಒಂದೇ ರೀತಿಯ ಎರಡು ಯಂತ್ರ ತೆಗೆದುಕೊಂಡು ಒಂದರಲ್ಲಿ ಮಾತ್ರ ಕೋಟಾ ನಿಲ್ಲಿಸಿದೆ. ಎರಡರಲ್ಲೂ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಕೈಯಾರೆ ಅಳಿಸಿ, ಕಡತ ಸೇವ್ ಮಾಡುತ್ತಾ ಹೋದೆ. ಕೋಟಾ ಇದ್ದದ್ದು ಎಂದಿನಂತೆ ನಿಂತಿತು. ಇಲ್ಲದ್ದರಲ್ಲಿ ಕ್ಲೀನರ್ ಬಂದು ಹೋದದ್ದೇ ಗೊತ್ತಾಗಲಿಲ್ಲ. ಇಷ್ಟು ಸ್ಪಷ್ಟ ಉತ್ತರ ಈ ಕೆಲಸದಲ್ಲಿ ಅಪರೂಪ, ನನಗೆ ನಿಜಕ್ಕೂ ಸಂತೋಷವಾಯಿತು.

ನಾನು ಮಾಡಿದ ಕ್ರಮ ಹೀಗೆ. ಯಂತ್ರ ಆನ್ ಆದ ಕೂಡಲೇ, ಯಾರೂ ಕೆಲಸಕ್ಕೆ ಕೂರುವ ಮೊದಲು, ಸ್ನ್ಯಾಪರ್ ಕ್ಲೀನಪ್ ಟೈಮರನ್ನು ನಿಲ್ಲಿಸಿದೆ. ತೆರವು ನಡೆಯುತ್ತಿದ್ದರೆ "ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್ ಸಿಂಕ್" ಕೊಟ್ಟು ಅದು ಮುಗಿಯುವವರೆಗೆ ಕಾದೆ. "ಬಿಟಿಆರ್‌ಎಫ್‌ಎಸ್ ಕ್ಯೂಗ್ರೂಪ್ ಶೋ" ಆಜ್ಞೆಯಲ್ಲಿ ಯಾವ ಮಿತಿಯೂ ಇಲ್ಲವೆಂದು ನೋಡಿಕೊಂಡೆ. ಯಾರಾದರೂ ಬೇಕೆಂದೇ ಮಿತಿ ಹಾಕಿದ್ದರೆ ಅದೂ ಹೋಗುತ್ತದೆ, ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಆಮೇಲೆ ರೂಟ್ (ಮೂಲ ಕಡತ ವ್ಯವಸ್ಥೆ) ಮೇಲೆ "ಬಿಟಿಆರ್‌ಎಫ್‌ಎಸ್ ಕೋಟಾ ಡಿಸೇಬಲ್". ಇದು ರೀಬೂಟ್ ಆದರೂ ಉಳಿಯುತ್ತದೆ.

ಅಲ್ಲಿಗೇ ಕೈ ತೊಳೆದುಕೊಂಡರೆ ಕೆಲವು ತಿಂಗಳಲ್ಲಿ ಡಿಸ್ಕ್ ತುಂಬುವ ಅಪಾಯವಿದೆ. ಕೋಟಾ ಇಲ್ಲದೆ ಸ್ಪೇಸ್ ಲಿಮಿಟ್ ನಿಯಮಕ್ಕೆ ಕಣ್ಣಿಲ್ಲ. ಅದಕ್ಕೇ ಸ್ನ್ಯಾಪರ್ ಸಂರಚನೆಯಲ್ಲಿ ಕ್ಯೂಗ್ರೂಪ್ ಎಂಬ ಸಾಲಿನ ಮುಂದಿದ್ದುದನ್ನು ಖಾಲಿ ಮಾಡಿದೆ, ಎಷ್ಟು ಸ್ನ್ಯಾಪ್‌ಶಾಟ್ ಉಳಿಯಬೇಕೆಂದು ಹೇಳುವ 'ನಂಬರ್ ಲಿಮಿಟ್' ಮುಂದೆ ಎರಡರಿಂದ ಹತ್ತು ಎಂಬಂತಿದ್ದ ವ್ಯಾಪ್ತಿಯನ್ನು ತೆಗೆದು ಒಂದೇ ಚಿಕ್ಕ ಸಂಖ್ಯೆ ಬರೆದೆ, ಮುಖ್ಯವೆಂದು ಗುರುತಾದ ಸ್ನ್ಯಾಪ್‌ಶಾಟ್‌ಗಳ ಮಿತಿಗೂ ಹಾಗೆಯೇ ಮಾಡಿದೆ. ನಂತರ ಟೈಮರ್ ಮತ್ತೆ ಚಾಲೂ. ಡಿಸ್ಕಿನ ಖಾಲಿ ಜಾಗ ಐದನೇ ಒಂದಕ್ಕಿಂತ ಕೆಳಗಿಳಿದರೆ ನನಗೆ ಮೇಲ್ ಬರುವಂತೆ ಪುಟ್ಟ ಸ್ಕ್ರಿಪ್ಟ್ ಹಾಕಿಟ್ಟೆ.

ಸ್ನ್ಯಾಪರ್‌ನಂತೆಯೇ ಸ್ನ್ಯಾಪ್‌ಶಾಟ್ ತೆಗೆಯುವ ಟೈಮ್‌ಶಿಫ್ಟ್ ಬಳಸುವವರಿಗೂ ಈ ಮಾತು ಸಲ್ಲುತ್ತದೆ. ಬಿಟಿಆರ್‌ಎಫ್‌ಎಸ್ ಮೋಡಿನಲ್ಲಿ ಅದರ ಸೆಟ್ಟಿಂಗ್ಸ್‌ನಲ್ಲೂ ಕ್ಯೂಗ್ರೂಪ್ ಚಾಲೂ ಮಾಡುವ ಆಯ್ಕೆ ಇದೆ. ಅಲ್ಲಿ ಗುರುತು ತೆಗೆಯದೆ ಬರೀ ಟರ್ಮಿನಲ್‌ನಲ್ಲಿ ಆಫ್ ಮಾಡಿದರೆ ಅದು ತಿರುಗಿ ಬರಬಹುದು. ಇನ್ನೊಂದು ಲಿನಕ್ಸ್ ಆದ ಫೆಡೋರಾ 2020ರಲ್ಲಿ ಬಂದ 33ನೇ ಆವೃತ್ತಿಯಿಂದ ಡೆಸ್ಕ್‌ಟಾಪಿಗೆ ಬಿಟಿಆರ್‌ಎಫ್‌ಎಸ್ ಕೊಡುತ್ತಿದೆ, ಆದರೆ ಕೋಟಾ ತಾನಾಗಿ ಚಾಲೂ ಮಾಡುವುದಿಲ್ಲ. ಅಲ್ಲಿ ಹ್ಯಾಂಗ್ ಆದರೆ ಮೊದಲು ಬೇರೆ ಕಾರಣ ಹುಡುಕಿ.

ಕೋಟಾ ಬೇಕೇ ಬೇಕು ಎನ್ನುವವರಿಗೆ ಕರ್ನಲ್‌ನವರು ದಾರಿ ಮಾಡಿಕೊಟ್ಟಿದ್ದಾರೆ. ಕರ್ನಲ್ 6.1ನೇ ಆವೃತ್ತಿಯಿಂದ 'ಡ್ರಾಪ್ ಸಬ್‌ಟ್ರೀ ಥ್ರೆಶೋಲ್ಡ್' ಎಂಬ ಹೊಂದಿಕೆ ಇದೆ: ಅಳಿಸುವ ಮರ (ಸ್ನ್ಯಾಪ್‌ಶಾಟ್‌ನ ತುಣುಕುಗಳನ್ನು ಜೋಡಿಸಿಟ್ಟ ರಚನೆ) ತೀರಾ ಎತ್ತರವಿದ್ದರೆ ಲೆಕ್ಕ ಬಿಟ್ಟುಬಿಡು, ಅಂಕಿಗಳು ಸರಿಯಿಲ್ಲ ಎಂದು ಗುರುತು ಹಾಕು ಎಂದು ಹೇಳಬಹುದು. ನಂತರ ಬಿಡುವಾದಾಗ ರೀಸ್ಕ್ಯಾನ್ (ಮೊದಲಿಂದ ಮರು ಎಣಿಕೆ) ಮಾಡಿಸಬೇಕು. 6.7ರಲ್ಲಿ ಬಂದ ಸಿಂಪಲ್ ಕೋಟಾ ಇನ್ನೂ ನೇರ. ತುಣುಕನ್ನು ಮೊದಲು ಬರೆದ ಸಬ್‌ವಾಲ್ಯೂಮಿನ ಹೆಸರಿಗೇ ಲೆಕ್ಕ, ವಾರಸುದಾರರ ಹುಡುಕಾಟವೇ ಇಲ್ಲ. ಆದರೆ ಅದನ್ನು ಚಾಲೂ ಮಾಡಿದ ಮೇಲೆ ಬರೆದದ್ದಷ್ಟೇ ಎಣಿಕೆಗೆ ಬರುತ್ತದೆ, ಮತ್ತು ಈ ಸ್ನ್ಯಾಪ್‌ಶಾಟ್ ಅಳಿಸಿದರೆ ಎಷ್ಟು ಜಾಗ ಸಿಗುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಹಲವರು ಒಂದೇ ಡಿಸ್ಕ್ ಹಂಚಿಕೊಳ್ಳುವ ಸರ್ವರ್‌ಗಳಿಗೆ ಇದು ಒಳ್ಳೆಯದು. ನಮ್ಮಂಥ ಡೆಸ್ಕ್‌ಟಾಪುಗಳಿಗೆ ಕೋಟಾ ಬೇಡವೇ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೋಟಾ ಹೋದ ಮೇಲೆ ಸ್ನ್ಯಾಪರ್ ಪಟ್ಟಿಯಲ್ಲಿ ಬಳಸಿದ ಜಾಗದ ಅಂಕಿ ಕಾಣುವುದಿಲ್ಲ. ಬೇಕೆನಿಸಿದಾಗ "ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಡಿಯು" ಓಡಿಸಿ, ಸ್ನ್ಯಾಪ್‌ಶಾಟ್‌ಗೆ ಮಾತ್ರ ಸೇರಿದ್ದು ಎಷ್ಟು, ಹಂಚಿಕೊಂಡದ್ದು ಎಷ್ಟು ಎಂದು ನೋಡುತ್ತೇನೆ. ಅದಕ್ಕೂ ಹೊತ್ತು ಹಿಡಿಯುತ್ತದೆ, ಆದರೆ ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಓಡಿಸಬಹುದು.