ನಮ್ಮೂರ ಮಿಶನ್ ಶಾಲೆಯ ಚರಿತ್ರೆ ಬರೆದದ್ದು ಹೀಗೆ

ಶಾಲೆಗಳ ಸ್ಮರಣ ಸಂಚಿಕೆ ತೆರೆದರೆ ಸಂಚಾಲಕರ ಪಟ್ಟಿ, ಹೆಡ್‌ಮಾಸ್ಟರರ ಪಟ್ಟಿ, ದಾನಿಗಳ ಪಟ್ಟಿ ಸಿಗುತ್ತದೆ. ಕಲಿತ ಮಕ್ಕಳೇ ಇರುವುದಿಲ್ಲ. ಉಡುಪಿ ಕಡೆಯ ನಮ್ಮ ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಶಾಲೆಯ ಚರಿತ್ರೆಯನ್ನು ನಾನು ಅದಕ್ಕೇ ದಾಖಲಾತಿ ರಿಜಿಸ್ಟರಿನಿಂದ ಶುರು ಮಾಡಿದೆ.

ಸಂಚಾಲಕರಿಗೆ ಅರ್ಜಿ ಕೊಟ್ಟು, ಆಫೀಸಿನಲ್ಲೇ ಕೂತು ಹಳೇ ಪುಸ್ತಕಗಳನ್ನು ನೋಡಿದೆ. ಮನೆಗೆ ತರಲಿಲ್ಲ. ಅಂಟಿಕೊಂಡ ಹಾಳೆಯನ್ನು ಎಳೆದು ಬಿಡಿಸಬಾರದು, ಸೆಲ್ಲೋಟೇಪ್ ಅಂತೂ ಹಚ್ಚಲೇಬಾರದು. ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದರೆ ಸಾಕು.

ಎಲ್ಲಕ್ಕಿಂತ ಜಾಸ್ತಿ ವಿಷಯ ಸಿಕ್ಕಿದ್ದು ಎರಡೇ ಕಾಲಮ್‌ಗಳಲ್ಲಿ: ತಂದೆಯ ಕಸುಬು, ಶಾಲೆ ಬಿಟ್ಟ ಕಾರಣ. ಮೂರ್ತೆ (ಮರದಿಂದ ಕಳ್ಳು ಇಳಿಸುವುದು), ನೇಯ್ಗೆ, ಮೀನುಗಾರಿಕೆ, ಹಂಚಿನ ಕಾರ್ಖಾನೆ, ಗೇಣಿ ಬೇಸಾಯ. ಮಿಶನ್ ಶಾಲೆ ಅಂದರೆ ಕ್ರೈಸ್ತರ ಮಕ್ಕಳದ್ದು ಎಂಬ ಮಾತು ಒಂದು ಪುಟ ತಿರುವಿದರೆ ಸಾಕು, ಬಿದ್ದುಹೋಗುತ್ತದೆ. ಹುಡುಗರ ಹೆಸರಿನ ಮುಂದೆ ಮತ್ತೆ ಮತ್ತೆ ‘ಬೊಂಬಾಯಿಗೆ ಹೋದ’ ಎಂದಿದೆ. ಹುಡುಗಿಯರ ಮುಂದೆ ‘ಮನೆಯಲ್ಲಿ ಮಗು ನೋಡಿಕೊಳ್ಳಲು’. ಬೊಂಬಾಯಿಗೆ ಹೋದವರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದು ಮುಂದುವರಿಸಿದ್ದನ್ನು ಹಿರಿಯರು ಹೇಳಿದರು. ಆ ಹುಡುಗಿಯರಿಗೆ ಅಂಥ ದಾರಿ ಇರಲಿಲ್ಲ. ಅದನ್ನು ನಾನು ಬಿಡದೆ ಬರೆದೆ.

ಹಿರಿಯರ ಹತ್ತಿರ ಇಸವಿ ಕೇಳಿ ಪ್ರಯೋಜನವಿಲ್ಲ. ‘ಭೂಮಸೂದೆ ಬರುವ ಮುಂಚೆಯಾ, ಆಮೇಲೆಯಾ ಅಜ್ಜಿ?’ ಎಂದರೆ ತಟ್ಟನೆ ಉತ್ತರ ಬರುತ್ತದೆ. ಗೇಣಿದಾರರಿಗೆ ಭೂಮಿ ಕೊಟ್ಟ ಆ ಕಾಯ್ದೆ ಬಂದ 1974 ಹಿಡಿದು ಲೆಕ್ಕ ಹಾಕಬಹುದು.

ಸ್ಥಾಪನೆಯ ವರ್ಷವನ್ನು ಹಿಂದಕ್ಕೆ ಜಗ್ಗುವ ಆಸೆ ಎಲ್ಲ ಊರಿನಲ್ಲೂ ಇದೆ. ಮಿಶನರಿಗಳು ಮಂಗಳೂರಿಗೆ ಬಂದದ್ದೇ 1834ರಲ್ಲಿ. ಹಳ್ಳಿ ಶಾಲೆಗಳು ಆಮೇಲಿನವು. ಬಾಯಿಮಾತನ್ನು ನಂಬದೆ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿರುವ ಮಿಶನ್ ದಾಖಲೆಗಳ ಜೊತೆ ಹೋಲಿಸಿ ನೋಡಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಸೆರೆಹಿಡಿದು ಹೊರಗೆ ಕಳಿಸಿತಲ್ಲ, ಆ ವರ್ಷಗಳಿಗೆ ನಮ್ಮ ಹಾಜರಿ ಪುಸ್ತಕವೇ ಗತಿ. ಪಾಠ ನಿಂತಿರಲಿಲ್ಲ. ಊರಿನ ಮೇಷ್ಟ್ರುಗಳೇ ನಡೆಸಿದ್ದರು. ನನ್ನ ಬರಹದಲ್ಲಿ ಅತಿ ಉದ್ದದ ಅಧ್ಯಾಯ ಅವರದ್ದೇ.

ಜಾತಿ ಕಾಲಮ್ ವಿಷಯದಲ್ಲಿ ತುಂಬ ಯೋಚಿಸಿದೆ. ಯಾವ ಯಾವ ಸಮುದಾಯದ ಮಕ್ಕಳು ಬಂದರು ಎಂದು ಒಟ್ಟಾಗಿ ಹೇಳಿದ್ದೇನೆ. ಆದರೆ ಯಾವ ಮಗುವಿನ ಹೆಸರಿನ ಜೊತೆಗೂ ಜಾತಿಯನ್ನಾಗಲಿ, ಶಾಲೆ ಬಿಟ್ಟ ಕಾರಣವನ್ನಾಗಲಿ ಅಚ್ಚು ಹಾಕಿಲ್ಲ. ಮೊಮ್ಮಕ್ಕಳು ಬಂದು ಕೇಳಿದರೆ ಶಾಲೆಯಲ್ಲಿ ಪುಟ ತೆಗೆದು ತೋರಿಸುತ್ತಾರೆ.