ಅಕ್ಕನ ಮಗು ನಿಮ್ಮ ಮನೆಗೆ ಬಂದರೆ

"ನಾಲ್ಕು ದಿನ ಇಟ್ಕೊಂಡಿರು" ಅಂತಲೇ ಶುರುವಾಗುತ್ತೆ. ಅಕ್ಕ ಮಗಳನ್ನು ಬಿಟ್ಟುಹೋದಾಗ ಅವಳಿಗೆ ಆರು ವರ್ಷ, ಈಗ ಒಂಬತ್ತು. ಅಕ್ಕನಿಗೆ ನೋವಿನ ಮಾತ್ರೆಯ ಚಟ.

ಮೊದಲ ವಾರ ಮಗುವನ್ನು ಏನೂ ಕೆದಕಬೇಡಿ. ಊಟ, ನಿದ್ದೆ ಹೊತ್ತಿಗೆ ಸರಿಯಾಗಿ ಆಗಲಿ, ಸಾಕು. ನಮ್ಮ ಹುಡುಗಿ ನಡುರಾತ್ರಿ ಎದ್ದು ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನೋಡ್ತಿದ್ದಳು, ಉಸಿರಿದೆಯಾ ಅಂತ. ಬೈಯಬೇಡಿ. "ಇದೀನಿ ಕಣೇ, ಮಲ್ಕೋ" ಅಂತಿದ್ದೆ. ಅದು ನಿಲ್ಲೋಕೆ ಐದು ತಿಂಗಳು ಹಿಡೀತು.

ನಾನು ಎಡವಿದ್ದು ಕಾಗದದಲ್ಲಿ. ಅಕ್ಕನ ಹತ್ತಿರ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡು ನಿಶ್ಚಿಂತೆಯಾಗಿದ್ದೆ. ಒಂದು ರಾತ್ರಿ ಅವಳು ತೂರಾಡ್ತಾ ಬಂದು "ನನ್ನ ಮಗು ಕೊಡು" ಅಂತ ಗೇಟು ಬಡಿದಾಗ ಆ ಬಾಂಡು ಯಾತಕ್ಕೂ ಬರಲಿಲ್ಲ. ನೀವು ಮೊದಲೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗಿ ಮಗು ನಿಮ್ಮ ಹತ್ತಿರವೇ ಇರಲಿ ಅನ್ನೋ ಆದೇಶ ತಗೊಳ್ಳಿ. ದಾರಿ ಗೊತ್ತಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. "ಅಲ್ಲಿಗೆ ಹೋದ್ರೆ ಬಾಲಮಂದಿರಕ್ಕೆ ಹಾಕ್ತಾರೆ" ಅಂತ ನಮ್ಮಮ್ಮ ಹೆದರಿಸಿದ್ದಳು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಬಾಲಮಂದಿರ ಕೊನೆಯ ದಾರಿ. ಮನೆ ಪರಿಸ್ಥಿತಿ ವಿಚಾರಿಸಿ ಸಂಬಂಧಿಕರಿಗೇ ಒಪ್ಪಿಸಬಹುದು. ಜನನ ಪ್ರಮಾಣಪತ್ರ, ಲಸಿಕೆ ಕಾರ್ಡು, ನಿಮ್ಮ ಆಧಾರ್, ಎಲ್ಲದರ ಜೆರಾಕ್ಸ್ ಎರಡೆರಡು ಒಯ್ಯಿರಿ.

ಹಾಗೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವಕ್ಕೆ, ಅಂದರೆ ಮಗು ಸಾಕೋಕೆ ಸರ್ಕಾರ ಕೊಡೋ ಹಣಕ್ಕೆ, ಅರ್ಜಿ ಹಾಕಿ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆಯ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಬಾರದು. ಗಾರ್ಮೆಂಟ್ಸ್‌ನಲ್ಲಿ ಹೊಲಿಯೋ ನಾನೇ ಆ ಗೆರೆ ದಾಟಿಬಿಟ್ಟೆ. ಅದು ಯಾವ ಪಟ್ಟಣದ ಲೆಕ್ಕವೋ!

ಟಿಸಿ ಇಲ್ಲ ಅಂತ ಸರ್ಕಾರಿ ಶಾಲೆಯಲ್ಲಿ ವಾಪಸ್ ಕಳಿಸಿದರೆ, ಟಿಸಿ ತಡವಾದ್ದಕ್ಕೆ ಸೇರಿಸಿಕೊಳ್ಳದೆ ಇರೋ ಹಾಗಿಲ್ಲ ಅಂತ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಹೆಸರು ಹೇಳಿ ಕೇಳಿ.

ಅಮ್ಮ ದುಬೈಗೆ ಹೋಗಿದ್ದಾಳೆ ಅಂತೆಲ್ಲ ಕಥೆ ಕಟ್ಟಬೇಡಿ. "ಅಮ್ಮನಿಗೆ ಮಾತ್ರೆ ಬಿಡೋಕಾಗದ ಕಾಯಿಲೆ, ಅದು ನಿನ್ನಿಂದ ಬಂದಿದ್ದಲ್ಲ" ಅಂದೆ. ಎರಡನೇ ಮಾತನ್ನು ಹತ್ತಾರು ಸಲ ಹೇಳಬೇಕಾಯ್ತು. ಅಕ್ಕನ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವ್ಯಸನ ವಿಭಾಗದಲ್ಲಿ ನಡೀತಿದೆ. ದೂರದವರು ವ್ಯಸನ ಬಿಡಿಸೋ ಸಹಾಯವಾಣಿ 14446ಕ್ಕೆ ಕರೆಮಾಡಿ ಹತ್ತಿರದ ಕೇಂದ್ರ ಕೇಳಬಹುದು.

ಭೇಟಿಗೆ ನಮ್ಮನೆ ಕಟ್ಟಳೆ: ಭಾನುವಾರ ಬೆಳಿಗ್ಗೆ, ಜಗಲಿಯಲ್ಲಿ. ಮತ್ತಿನಲ್ಲಿ ಬಂದರೆ ಊಟ ಹಾಕ್ತೀನಿ, ಮಗುವನ್ನು ಹೊರಗೆ ಕಳಿಸಲ್ಲ. ಹೋದ ವಾರ ಅಕ್ಕ ನೆಟ್ಟಗೆ ಬಂದು, ನಡುಗೋ ಕೈಯಲ್ಲೇ ಮಗಳಿಗೆ ಎರಡು ಜಡೆ ಹಾಕಿದಳು. ಬೈತಲೆ ಸೊಟ್ಟ, ಒಂದು ಜಡೆ ದಪ್ಪ, ಒಂದು ಇಲಿಬಾಲ. ಅಂಥದ್ದನ್ನು ಸರಿಮಾಡೋಕೆ ಹೋಗಬೇಡಿ. ಸೋಮವಾರ ಬಾಚಣಿಗೆ ಮುಟ್ಟಿಸದೆ ಹಾಗೇ ಸ್ಕೂಲಿಗೆ ಹೋದಳು.